ನಮ್ಮ ಮೋಟಾರಿನ ಪೆಟ್ರೋಲು ಕುಡಿದವರು

ನಂಬಿಕೆ ಎನ್ನುವುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ಮನೆತನಕ್ಕೆ ಅದು ಬಂದಿಲ್ಲ. ನಮ್ಮ ತಂದೆಯವರು ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡಿ, ಆಮೇಲೆ ಬಡಿದ ಬೆರಳನ್ನೂ ಒಮ್ಮೆ ನೋಡಿಕೊಳ್ಳುತ್ತಿದ್ದರು. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ. ಹಾಲನ್ನು ಕಣ್ಣೆದುರೇ ಕರೆಸಿಕೊಳ್ಳುತ್ತೇನೆ, ಕರೆದು ಕೊಟ್ಟ ಮೇಲೆ ಎಮ್ಮೆಗೆ ಬೆಳಿಗ್ಗೆ ಬೇಕೆಂದೇ ಹೆಚ್ಚು ನೀರು ಕುಡಿಸಿರಬಹುದೇ ಎಂದು ಯೋಚಿಸುತ್ತೇನೆ. ನನ್ನ ಹೆಂಡತಿ ನೀಲಮ್ಮ ಇದನ್ನು ರೋಗ ಎನ್ನುತ್ತಾಳೆ. ನಾನು ಎಚ್ಚರಿಕೆ ಎನ್ನುತ್ತೇನೆ. ಇಂಥ ಎಚ್ಚರಿಕೆಯ ಮನುಷ್ಯ ಮೋಟಾರು ಕೊಳ್ಳಲು ಹೋದರೆ ಏನಾಗುತ್ತದೆ ಎಂಬುದನ್ನು ನಿಮಗೆ ಹೇಳಬೇಕು. ನೀವು ಬೇರೆ ಯಾರಿಗೂ ಹೇಳುವುದಿಲ್ಲ ಎಂದು ನಂಬಿ, ಅಂದರೆ ಪೂರ್ತಿ ನಂಬದೆ, ಹೇಳುತ್ತಿದ್ದೇನೆ.

ಕಮಲಾಪುರದಲ್ಲಿ ನಮಗೆ ಕೆಂಪು ಬಾಳೆಯ ತೋಟವಿದೆ. ಗೊನೆಗಳನ್ನು ಕಲಬುರಗಿಯ ಪೇಟೆಗೆ ಸಾಗಿಸುವುದೇ ನಮ್ಮ ವ್ಯಾಪಾರ. ಈ ಹಣ್ಣಿನ ಸ್ವಭಾವ ಬಹಳ ಸೂಕ್ಷ್ಮ. ಒಂದರ ಮೇಲೊಂದು ಹೇರಿದರೆ ಕೆಳಗಿನದು ಮುನಿಸಿಕೊಂಡು ಕಪ್ಪಾಗುತ್ತದೆ. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಸಂಜೆ ಹೊರಟರೆ ಪೇಟೆ ಮುಟ್ಟುವುದು ಮರುದಿನ. ಅಲ್ಲಿಯ ರೋಜಾ ದರ್ಗಾದ ಉರುಸು ಹತ್ತಿರ ಬಂದಾಗ ಹಣ್ಣಿಗೆ ಎಷ್ಟು ಬೇಡಿಕೆ ಇರುತ್ತದೆಂದರೆ, ನಮ್ಮ ಗಾಡಿ ತಲುಪುವ ಹೊತ್ತಿಗೆ ಬೇರೆಯವರ ಹಣ್ಣು ಯಾತ್ರಿಕರ ಹೊಟ್ಟೆ ಸೇರಿರುತ್ತದೆ. ಹೀಗಾಗಿ ಒಂದು ಮೋಟಾರು ಕೊಂಡು, ಅದರ ಹಿಂದೆ ನಮ್ಮ ಗಾಡಿಯನ್ನೇ ಕಟ್ಟಿ ಎಳೆಸಿದರೆ ಹೇಗೆ ಎಂಬ ವಿಚಾರ ಬಂತು. ವಿಚಾರ ನನ್ನದಲ್ಲ, ಭಾವಮೈದುನ ಬಸಣ್ಣನದು. ಅವನು ಹೈದರಾಬಾದಿನಲ್ಲಿ ಒಬ್ಬ ನವಾಬರ ಮನೆಯಲ್ಲಿ ಮೋಟಾರು ಓಡಿಸುವುದನ್ನು ಕಲಿತು ಬಂದಿದ್ದ. ಹೆಂಡತಿಯ ತಮ್ಮ ಒಳ್ಳೆಯ ವಿಚಾರ ಹೇಳಿದರೆ ಅದರಲ್ಲಿ ಅವನಿಗೇನು ಲಾಭ ಎಂದು ಮೊದಲು ನೋಡಬೇಕು. ನೋಡಿದೆ. ಅವನಿಗೆ ಕೆಲಸ ಸಿಗುತ್ತಿತ್ತು. ಅಷ್ಟಕ್ಕೇ ಅನುಮಾನ ಶುರುವಾಯಿತು.

ಕಲಬುರಗಿಯಲ್ಲಿ ಮೌಲಾಸಾಬ್ ಎಂಬ ಮಿಸ್ತ್ರಿಯ ಅಂಗಳದಲ್ಲಿ ಎರಡು ಹಳೆಯ ಮೋಟಾರುಗಳು ನಿಂತಿದ್ದವು. ಎರಡೂ ಒಂದು ಕಾಲಕ್ಕೆ ದೊಡ್ಡ ಹುದ್ದೆಯ ಸಾಹೇಬರನ್ನು ಹೊತ್ತು ತಿರುಗಿದವು. ಈಗ ಹಿಂಭಾಗ ಕತ್ತರಿಸಿ, ಹಲಗೆ ಬಡಿದು, ಸಾಮಾನು ಹೇರುವಂತೆ ಮಾಡಿದ್ದರು. ಒಂದರದು ನಾಲ್ಕು ಸಿಲಿಂಡರಿನ ಇಂಜಿನ್ನು, ಇನ್ನೊಂದರದು ಆರು. ನನ್ನ ಲೆಕ್ಕ ಸರಳವಾಗಿತ್ತು: ಆರು ಬಾಯಿ ಇದ್ದ ಮೇಲೆ ಆರಕ್ಕೂ ಉಣಿಸಬೇಕು, ಆದ್ದರಿಂದ ನಾಲ್ಕೇ ಸಾಕು. ಮೌಲಾಸಾಬ್ ಒಪ್ಪಲಿಲ್ಲ. “ಸಣ್ಣದು ಕಡಿಮಿ ಕುಡೀತದ, ಖರೇ ಸಾವ್ಕಾರ್ರೇ. ಆದ್ರ ಹಿಂದ ಗಾಡಿ ಕಟ್ಟಿದ್ರ ಅದಕ್ಕ ದಮ್ಮು ಹತ್ತತದ, ಆವಾಗ ದೊಡ್ಡದಕ್ಕಿಂತ ಜಾಸ್ತಿ ಕುಡೀತದ” ಎಂದ. ದೊಡ್ಡ ಮೋಟಾರು ಮಾರಲು ಕೂತವನು ಬೇರೇನು ಹೇಳಿಯಾನು? ಇಷ್ಟು ಕುದುರೆಗಳ ಶಕ್ತಿ ಅದರೊಳಗಿದೆ ಎಂದೂ ಹೇಳಿದ. ಕುದುರೆಗಳನ್ನು ನೋಡಿದವರು ಯಾರು ಎಂದು ಕೇಳಿದೆ. ಅವನು ಬಸಣ್ಣನ ಮುಖ ನೋಡಿದ, ಬಸಣ್ಣ ನೆಲ ನೋಡಿದ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಇಂಜಿನ್ನಿನ ಬಗ್ಗೆ ನನಗೆ ತಿಳಿಯದು, ಆದರೆ ಎತ್ತಿನ ಬಗ್ಗೆ ತಿಳಿಯುತ್ತದೆ. ದನದ ಸಂತೆಯಲ್ಲಿ ನಾವು ಎತ್ತಿನ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಕೊನೆಗೆ ಹೇರಿದ ಗಾಡಿಯ ಗಾಲಿಗಳನ್ನು ಹಗ್ಗದಿಂದ ಬಿಗಿದು, ಉರುಳದಂತೆ ಮಾಡಿ, ಎಳೆಸಿ ನೋಡುತ್ತೇವೆ. ಮಾತಿನ ಮಾಲು ಅಲ್ಲಿ ಮಂಡಿಯೂರುತ್ತದೆ, ನಿಜವಾದದ್ದು ಎಳೆಯುತ್ತದೆ. ಮೋಟಾರಿಗೂ ಅದೇ ಪರೀಕ್ಷೆ ಆಗಬೇಕೆಂದು ಹಟ ಹಿಡಿದೆ. ಮೌಲಾಸಾಬ್ ಗಡ್ಡ ನೀವಿಕೊಂಡು ಅಲ್ಲಾಹನ ಹೆಸರು ಹೇಳಿದ. ಕಲ್ಲು ತುಂಬಿದ ಗಾಡಿ ತರಿಸಿ, ಗಾಲಿ ಬಿಗಿದು, ಮೊದಲು ಸಣ್ಣ ಮೋಟಾರಿಗೆ ಕಟ್ಟಿದೆವು. ಅದು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ದೊಡ್ಡದು ಗುರ್ರೆಂದು, ಉರುಳದ ಗಾಲಿಗಳನ್ನು ಹಾಗೇ ಎಳೆದುಕೊಂಡು, ಅಂಗಳದ ಉದ್ದಕ್ಕೂ ಎರಡು ಗೆರೆ ಕೊರೆದು ನಿಂತಿತು. ನೆರೆದ ಜನ ಶಾಬಾಶ್ ಎಂದರು. ನಾನು ಅದನ್ನೇ ಕೊಂಡೆ. ಇಷ್ಟು ಪಕ್ಕಾ ಪರೀಕ್ಷೆ ಮಾಡಿ ಮೋಟಾರು ಕೊಂಡವನು ನಿಜಾಮರ ಸೀಮೆಯಲ್ಲೇ ಇನ್ನೊಬ್ಬನಿಲ್ಲ ಎಂದು ಊರಿಗೆ ಬಂದ ಮೇಲೂ ಹೇಳಿಕೊಂಡು ತಿರುಗಿದೆ.

ನಮ್ಮ ಗಾಡಿಯ ನೊಗ ಬಿಚ್ಚಿ, ಮುಂದಿನ ಮರವನ್ನು ಮೋಟಾರಿನ ಬೆನ್ನಿಗೆ ಸಂಕೋಲೆಯಿಂದ ಜೋಡಿಸಿದರು. ಗಾಡಿಗೆ ಮೊದಲಿನಿಂದಲೂ ಒಂದು ಬ್ರೇಕು ಇತ್ತು. ಗಾಲಿಗೆ ಒತ್ತುವ ಒಂದು ಅಡ್ಡಮರ, ಅದನ್ನು ಬಿಗಿಯಲು ಒಂದು ಹಗ್ಗ, ಅಷ್ಟೇ. ಇಳಿಜಾರಿನಲ್ಲಿ ಗಾಡಿ ಓಡಿ ಬಂದು ಮೋಟಾರಿಗೆ ಗುದ್ದದಂತೆ ಆ ಹಗ್ಗ ಎಳೆಯಲು ಹಿಂದೆ ಒಬ್ಬರು ಕೂರಬೇಕು ಎಂದು ಬಸಣ್ಣ ಹೇಳಿದ. ಬೇರೆ ಯಾರನ್ನೋ ಏಕೆ ಕೂರಿಸಲಿ, ನಾನೇ ಕೂತೆ. ಮುಂದಿರುವವನ ಮೇಲೆ ಕಣ್ಣಿಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಗೊನೆಗಳ ಮುಂದೆ ಚಕ್ಕಳಮಕ್ಕಳ ಹಾಕಿ, ಹಗ್ಗ ಕೈಯಲ್ಲಿ ಹಿಡಿದು, ಬಸಣ್ಣನ ಬೆನ್ನು ನೋಡುತ್ತಾ ಹೊರಟರೆ ಕಲಬುರಗಿ ಬರುವವರೆಗೆ ರೆಪ್ಪೆ ಬಡಿಯುತ್ತಿರಲಿಲ್ಲ. ಹಿಂದೆ ಏಳುವ ಧೂಳೆಲ್ಲ ನನ್ನ ಮೀಸೆಯಲ್ಲೇ ಇಳಿಯುತ್ತಿತ್ತು.

ಮೊದಲ ವಾರದಲ್ಲೇ ತಿಳಿಯಿತು, ಈ ಮೋಟಾರು ಕುಡಿಯುವುದಿಲ್ಲ, ನುಂಗುತ್ತದೆ. ಮೌಲಾಸಾಬ್ ಸಾಕೆಂದಿದ್ದ ಪೆಟ್ರೋಲಿನಲ್ಲಿ ಹೋಗಿಬರುವುದಿರಲಿ, ಹೋಗುವುದೇ ಕಷ್ಟವಾಯಿತು. ಸೀಲು ಹಾಕಿದ ಡಬ್ಬಿಗಳನ್ನು ಮನೆಯಲ್ಲಿ ತಂದು ಜೋಡಿಸಿದರೆ ಅವು ಕಣ್ಣೆದುರೇ ಖಾಲಿಯಾಗುತ್ತಿದ್ದವು. ಮೊದಲು ಮಿಸ್ತ್ರಿಯನ್ನು ಸಂಶಯಿಸಿದೆ. ಆಮೇಲೆ ಡಬ್ಬಿ ಮಾರುವವನನ್ನು. ಆಮೇಲೆ ಬಿಸಿಲನ್ನೂ ಸಂಶಯಿಸಿ, ಡಬ್ಬಿಗಳ ಮೇಲೆ ಒದ್ದೆ ಗೋಣಿ ಹಾಕಿದೆ. ಎಲ್ಲ ಮುಗಿದ ಮೇಲೆ ಉಳಿದವನು ಬಸಣ್ಣ. ಮೋಟಾರಿನ ಪೆಟ್ರೋಲು ಟಾಂಕಿಯ ಮುಚ್ಚಳಕ್ಕೆ ಬೀಗ ಹಾಕಿಸಿದೆ. ಬೀಗದ ಮೇಲೆ ನೀಲಮ್ಮನ ಹೊಲಿಗೆಯ ದಾರ ಸುತ್ತಿದೆ. ಜೋಳದ ದಂಟನ್ನು ಒಳಗಿಳಿಸಿ, ಒದ್ದೆಯಾದಲ್ಲಿ ಚಾಕುವಿನಿಂದ ಗುರುತು ಮಾಡಿ ಅಳೆದೆ. ದಂಟು ಪ್ರತಿಸಲವೂ ಒಂದಿಷ್ಟು ಪೆಟ್ರೋಲು ಹೀರಿಕೊಳ್ಳುತ್ತಿತ್ತು, ಅದರ ಮೇಲೂ ಅನುಮಾನ ಬಂತು. ಹಾದಿಯುದ್ದಕ್ಕೂ ಏನೋ ಸುಟ್ಟ ವಾಸನೆ ಬರುತ್ತಿತ್ತು. ಒಳ್ಳೆಯ ಪೆಟ್ರೋಲು ತೆಗೆದು ಅದರಲ್ಲಿ ಇನ್ನೇನೋ ಬೆರೆಸಿದ್ದಾನೆ ಎಂದು ಅರ್ಥ ಮಾಡಿಕೊಂಡೆ. ಒಂದು ದಿನ ಬಸಣ್ಣ ಸ್ನಾನಕ್ಕೆ ಹೋದಾಗ ಅವನ ಧೋತರವನ್ನು ಮೂಗಿಗೆ ಹಿಡಿದು ಮೂಸುತ್ತಿದ್ದೆ. ಪೆಟ್ರೋಲಿನದೇ ವಾಸನೆ. ಮೋಟಾರು ಓಡಿಸುವವನ ಧೋತರಕ್ಕೆ ಮಲ್ಲಿಗೆಯ ವಾಸನೆ ಬರುತ್ತದೆಯೇ ಎಂದು ಹಿಂದಿನಿಂದ ನೀಲಮ್ಮ ಕೇಳಿದಳು. ಅವಳು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ ತಿಳಿಯದು.

ನಡುವೆ ಒಮ್ಮೆ ನನಗೆ ಜ್ವರ ಬಂತು. ನನ್ನ ಜಾಗದಲ್ಲಿ ತೋಟದ ಆಳು ಮಲ್ಲಪ್ಪನನ್ನು ಕೂರಿಸಿ, ಬಸಣ್ಣನ ಮೇಲೆ ಕಣ್ಣಿಡಬೇಕೆಂದು ಕಿವಿಯಲ್ಲಿ ಹೇಳಿ ಕಳಿಸಿದೆ. ಮಲ್ಲಪ್ಪ ಹೋಗುವಾಗಲೂ ಬರುವಾಗಲೂ ಸೊಗಸಾಗಿ ನಿದ್ದೆ ಮಾಡಿದನಂತೆ, ಇಳಿಜಾರಿನಲ್ಲಿ ಬಸಣ್ಣ ಕೂಗಿ ಎಬ್ಬಿಸಿದಾಗ ಮಾತ್ರ ಎದ್ದು ಹಗ್ಗ ಎಳೆದನಂತೆ. ಆ ದಿನ ಮೋಟಾರು ಊರಿಗೆ ಬಂದಾಗ ಪೆಟ್ರೋಲು ಇನ್ನೂ ಉಳಿದು ತುಳುಕುತ್ತಿತ್ತು. ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರು. ನಾನು ಜ್ವರದಲ್ಲೇ ಎದ್ದು ಕೂತೆ. ಕಾವಲುಗಾರ ನಿದ್ದೆ ಮಾಡಿದ ದಿನ ಪೆಟ್ರೋಲು ಉಳಿಯುತ್ತದೆಂದರೆ ಅರ್ಥವೇನು? ಕದ್ದವನು ನನ್ನ ಅನುಮಾನ ಅಳಿಸಲು ಕದ್ದ ಮಾಲನ್ನೇ ವಾಪಸು ಸುರಿದಿದ್ದಾನೆ. ಇಂಥ ಜಾಣ ಕಳ್ಳನನ್ನು ಇಟ್ಟುಕೊಳ್ಳಬಾರದೆಂದು ನಿಶ್ಚಯ ಮಾಡಿ, ಊಟದ ಹೊತ್ತಿನಲ್ಲಿ ನೀಲಮ್ಮನಿಗೆ ಹೇಳಿದೆ: ಈ ಉರುಸು ಮುಗಿಯಲಿ, ಬಸಣ್ಣನನ್ನು ಬಿಡಿಸಿ ಬೇರೆಯವರನ್ನು ಇಡುತ್ತೇನೆ, ಯಾಕೆಂದು ಕೇಳಿದವರಿಗೆ ಕಾರಣವನ್ನೂ ಹೇಳುತ್ತೇನೆ.

ಹೇಳಿದ ಮೇಲೆ ಅದರ ಫಲವನ್ನೂ ಲೆಕ್ಕ ಹಾಕಿದೆ. ಕಳ್ಳನೆಂದು ಹೆಸರು ಬಿದ್ದರೆ ಅವನ ಕೈಗೆ ಈ ಸೀಮೆಯಲ್ಲಿ ಇನ್ನು ಯಾರೂ ಮೋಟಾರು ಕೊಡುವುದಿಲ್ಲ. ಕಲಬುರಗಿಯ ದಾರಿಯಲ್ಲೇ ಇರುವ ಮಹಾಗಾಂವದ ನೀಲಮ್ಮನ ತವರಿನಲ್ಲಿ ನನಗೂ ಇನ್ನು ಯಾರೂ ಚಾಪೆ ಹಾಸುವುದಿಲ್ಲ. ಮದುವೆಯಾದಾಗ ಬಸಣ್ಣ ಅಕ್ಕನ ಸೆರಗು ಹಿಡಿದು ನಮ್ಮ ಹೊಸಿಲವರೆಗೂ ಬಂದಿದ್ದ ಹುಡುಗ. ನೀಲಮ್ಮ ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, “ನಾಳಿಗಿ ನಾನೂ ಬರ್ತೀನಿ. ಮಹಾಗಾಂವದಾಗ ಇಳೀತೀನಿ” ಎಂದಳು. ಜಗಳವಾಡದ ಹೆಂಡತಿಗಿಂತ ಅನುಮಾನದ ವಸ್ತು ಇನ್ನೊಂದಿಲ್ಲ.

ಮರುದಿನ ಅವಳು ಮೋಟಾರಿನ ಹಿಂಭಾಗದ ಹಲಗೆಯ ಮೇಲೆ, ನನಗೆ ಎದುರಾಗಿ ಕೂತಳು. ನಾನು ಎಂದಿನಂತೆ ಗಾಡಿಯಲ್ಲಿ. ನಾನು ಬಸಣ್ಣನ ಬೆನ್ನು ನೋಡುತ್ತಿದ್ದೆ, ಅವಳು ನನ್ನನ್ನು ನೋಡುತ್ತಿದ್ದಳು. ದಾರಿಯಲ್ಲಿ ಏರು ಬಂತು, ಬಯಲು ಬಂತು, ಮೋಟಾರು ಎಂದಿನಂತೆ ನರಳುತ್ತಾ ಎಳೆಯಿತು. ಆ ಸುಟ್ಟ ವಾಸನೆ ಬಂದಾಗ, ಬಂತು ನೋಡು ಎಂದು ಅವಳಿಗೆ ಕಣ್ಸನ್ನೆ ಮಾಡಿದೆ. ಅವಳು ನನ್ನ ಗಾಡಿಯ ಗಾಲಿಯ ಕಡೆ ಬಗ್ಗಿ ನೋಡಿ, ಮತ್ತೆ ನೆಟ್ಟಗೆ ಕೂತಳು. ಮಹಾಗಾಂವದಲ್ಲಿ ಮೋಟಾರು ನಿಂತಿತು. ಅವಳು ಗಂಟು ತೆಗೆದುಕೊಂಡು ಇಳಿದವಳು ತವರಿನ ದಾರಿ ಹಿಡಿಯಲಿಲ್ಲ, ನೆಟ್ಟಗೆ ಗಾಡಿಯ ಹತ್ತಿರ ಬಂದಳು.

“ಇಷ್ಟ್ ದಿನ ಅವನ ಕೈ ನೋಡಾಕತ್ತೀರಿ. ನಿಮ್ಮ ಕೈಯಾಗ ಏನದ, ಅದೊಂದಿಷ್ಟ್ ನೋಡ್ಕೋರಿ” ಎಂದಳು.

ನೋಡಿಕೊಂಡೆ. ಕೈಯಲ್ಲಿ ಬ್ರೇಕಿನ ಹಗ್ಗವಿತ್ತು. ಸುಮ್ಮನೆ ಇರಲಿಲ್ಲ, ಎದೆಯವರೆಗೂ ಜಗ್ಗಿ ಹಿಡಿದಿದ್ದೆ. ಅಂಗೈಯಲ್ಲಿ ಹಗ್ಗದ ಗೆರೆ ಕೆಂಪಗೆ ಎದ್ದಿತ್ತು. ಹುಟ್ಟಿದಂದಿನಿಂದ ಎತ್ತಿನ ಗಾಡಿಯಲ್ಲಿ ಕೂತವನು ನಾನು. ಗಾಡಿಯಲ್ಲಿ ಕೂತ ಮೇಲೆ ಕೈಗೆ ಹಗ್ಗ ಬೇಕು, ಹಗ್ಗ ಬಂದರೆ ಬಿಗಿ ಹಿಡಿಯಬೇಕು, ಅದರಲ್ಲೂ ಮುಂದೆ ಇರುವವನ ಮೇಲೆ ನಂಬಿಕೆ ಇಲ್ಲದಾಗ. ಗಾಲಿಗೆ ಒತ್ತಿದ್ದ ಅಡ್ಡಮರದಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಮೌಲಾಸಾಬನ ಅಂಗಳದಲ್ಲಿ ಒಂದೇ ಸಲ ಮಾಡಬೇಕಾಗಿದ್ದ ಪರೀಕ್ಷೆಯನ್ನು ನಾನು ಕಮಲಾಪುರದಿಂದ ಕಲಬುರಗಿಯವರೆಗೆ, ಹೋದಾಗಲೆಲ್ಲ ಮಾಡುತ್ತಾ ಬಂದಿದ್ದೆ. ಪಾಪ, ಆರು ಬಾಯಿಯ ಆ ಇಂಜಿನ್ನು ಪ್ರತಿಸಲವೂ ಪಾಸಾಗಿತ್ತು.

ನನಗೆ ನಾಚಿಕೆಯಾಯಿತು. ನಾಚಿಕೆಯಾದರೂ ಅನುಮಾನ ಅಷ್ಟು ಬೇಗ ಜಾಗ ಬಿಡುವುದಿಲ್ಲ. ಬ್ರೇಕಿನ ಸುಟ್ಟ ಅಡ್ಡಮರವನ್ನು ಆಗಾಗ ಬದಲಿಸುತ್ತಿದ್ದವನು ಬಸಣ್ಣನೇ, ಅವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಯಾಕೆ ಹೇಳಲಿಲ್ಲ? ಕೇಳಿಯೇಬಿಟ್ಟೆ. ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

“ಇಳಿಜಾರು ಮುಗಿದ ಮ್ಯಾಲೆ ಹಗ್ಗ ಬಿಡ್ರಿ ಅಂತ ಮೊದಲ್ನೇ ದಿನಾನೇ ಹೇಳೀನ್ರಿ ಮಾಮಾ. ಮತ್ತೊಮ್ಮೆ ಹೇಳಿದ್ರ ನಂಬ್ತಿದ್ರೇನು?”

ಪ್ರಾಮಾಣಿಕವಾಗಿ ಯೋಚಿಸಿದೆ. ನಂಬುತ್ತಿರಲಿಲ್ಲ. ನನ್ನ ಕೈಯಿಂದ ಹಗ್ಗ ಬಿಡಿಸಲು ಇವನಿಗೇಕೆ ಇಷ್ಟು ಆತುರ ಎಂದು ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದೆ. ಆ ಮಾತನ್ನು ಬಾಯಿಬಿಟ್ಟು ಹೇಳಲಾಗದೆ, ಹಗ್ಗವನ್ನು ಗಾಡಿಯ ಗೂಟಕ್ಕೆ ಸಡಿಲವಾಗಿ ಸುತ್ತಿ, ಹೊರಡೋಣವೇ ಎಂದೆ. ಮಹಾಗಾಂವದಿಂದ ಮುಂದೆ ಮೋಟಾರು ಎಷ್ಟು ಹಗುರವಾಗಿ ಓಡಿತೆಂದರೆ, ಹಿಂದಿನ ಗಾಡಿ ಕಳಚಿಬಿತ್ತೇನೋ ಎಂದು ಬಸಣ್ಣ ಎರಡು ಸಲ ತಿರುಗಿ ನೋಡಿದ. ನನ್ನನ್ನು ಕಂಡು ನಕ್ಕ. ನಾನೂ ನಕ್ಕೆ, ಧೂಳು ಬಾಯೊಳಗೆ ಹೋಯಿತು.

ಈಗ ಮುಚ್ಚಳಕ್ಕೆ ಬೀಗವಿಲ್ಲ, ದಾರವಿಲ್ಲ, ದಂಟನ್ನು ಎಮ್ಮೆಗೆ ಹಾಕಲು ಹೋದರೆ ಅದೂ ಮೂಸಿ ನೋಡಿ ಬಿಟ್ಟಿತು. ಗಾಡಿಯಲ್ಲಿ ಮಲ್ಲಪ್ಪ ಕೂತು ನಿದ್ದೆ ಮಾಡುತ್ತಾನೆ. ನಾನು ಮುಂದೆ ಬಸಣ್ಣನ ಪಕ್ಕದಲ್ಲಿ ಕೂರುತ್ತೇನೆ. ಆದರೆ ಪೇಟೆಗೆ ಹೋಗಿ ಬಂದ ದಿನ ನೀಲಮ್ಮ ಕಾಲಿಗೆ ನೀರು ಕೊಡುವ ಮೊದಲು ಬಾಗಿಲಲ್ಲೇ ನಿಲ್ಲಿಸಿ, ಎರಡೂ ಅಂಗೈ ಬಿಡಿಸಿ ತೋರಿಸಲು ಹೇಳುತ್ತಾಳೆ. ಗೆರೆ ಇಲ್ಲ ಎಂದು ನಾನು ಬಾಯಿಂದ ಹೇಳಿದರೆ ಸಾಲದು, ಬೆಳಕಿಗೆ ಹಿಡಿದು ನೋಡುತ್ತಾಳೆ. ಕಟ್ಟಿಕೊಂಡ ಗಂಡನನ್ನು ಹೀಗೆ ಅನುಮಾನಿಸುವ ಬುದ್ಧಿ ಇವಳಿಗೆ ಯಾರಿಂದ ಬಂತೋ, ನನಗಂತೂ ತಿಳಿಯದು.