ಸುಪ್ಪತ್ತಿಗೆ ಸಾಹುಕಾರರ ಅಂಗಡಿ ಮುಚ್ಚುತ್ತಿದೆ ಎಂಬ…

"ಇಮೇಲ್ ಕಂಪನಿ ಆರಿಸೋದು ಏನು ಮಹಾ? ಊರಿನ ಬೆನ್ನುಗಳಿಗೆಲ್ಲ ಹಾಸಿಗೆ ಆರಿಸಿಕೊಟ್ಟವನು ನಾನು!"

ಹೀಗೆಂದು ಸುಪ್ಪತ್ತಿಗೆ ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದೆ ಎದ್ದು ನಿಂತು ಘೋಷಿಸಿದರು. ಕೇಳಲು ಅಲ್ಲಿದ್ದದ್ದು ಹೆಂಡತಿ ಒಬ್ಬರೇ. ಅವರು ದಿಂಬಿಗೆ ಗವಸು ತೊಡಿಸುತ್ತಿದ್ದರು.

ಸಾಹುಕಾರರೆಂದರೆ ಹಣದ ಸಾಹುಕಾರರಲ್ಲ. ಹಾಸಿಗೆ ಅಂಗಡಿ ಇಟ್ಟುಕೊಂಡು, ಒಂದು ಹತ್ತಿ ದಿಂಬು ಮಾರುವಾಗಲೂ ಅರಮನೆಯ ಸುಪ್ಪತ್ತಿಗೆಯ ವರ್ಣನೆಯಿಂದಲೇ ಶುರು ಮಾಡುವ ಅವರ ಬಾಯಿಗೆ ಬೀದಿಯವರು ಕೊಟ್ಟ ಬಿರುದು ಅದು. ಅವರ ಬಾಯಿ ಎಷ್ಟು ದೊಡ್ಡದೋ ಕಿವಿ ಅಷ್ಟೇ ಚಿಕ್ಕದು. ಆದರೆ ಮನುಷ್ಯ ಒಳ್ಳೆಯವರು.

ಇಮೇಲಿನ ಉಸಾಬರಿ ಯಾಕೆ ಬಂತೆಂದರೆ, ಷಟರಿಗೆ ಬಣ್ಣ ಹೊಡೆಸಲು ಅಂಗಡಿಯನ್ನು ಕೆಲವು ದಿನ ಮುಚ್ಚಿದ್ದರು. ಅಷ್ಟಕ್ಕೇ ಯಾರೋ "ಹಾಸಿಗೆ ಅಂಗಡಿ ಮುಚ್ಚಿಹೋಯಿತಂತೆ" ಎಂದರು. ಗಾಳಿಸುದ್ದಿಗೆ ಕಾಲಿಲ್ಲದಿದ್ದರೂ ಓಟ ಜೋರು. ಅದು ಓಡಿ ಹೋಗಿ ಕಟ್ಟಡದ ಯಜಮಾನರ ಕಿವಿಗೂ ಬಿತ್ತು. ಬಾಡಿಗೆಯ ಕರಾರು ಆ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. ಔಷಧಿ ಅಂಗಡಿಯವರೊಬ್ಬರು ಆ ಜಾಗದ ಮೇಲೆ ಮೊದಲೇ ಕಣ್ಣು ಹಾಕಿದ್ದರು. "ನೀವು ಇರ್ತೀರೋ ಹೋಗ್ತೀರೋ ಗಟ್ಟಿಯಾಗಿ ಹೇಳಿಬಿಡಿ. ಇಲ್ಲದಿದ್ರೆ ಅವರಿಗೆ ಮಾತು ಕೊಡ್ತೀನಿ" ಎಂದು ಯಜಮಾನರು ಫೋನು ಇಟ್ಟಿದ್ದರು. ಸಾಹುಕಾರರಿಗೆ ಆ ರಾತ್ರಿ ಸ್ವಂತ ಅಂಗಡಿಯ ಹಾಸಿಗೆಯಲ್ಲೂ ನಿದ್ದೆ ಹತ್ತಲಿಲ್ಲ.

ಗ್ಯಾರಂಟಿ ಚೀಟಿ ತುಂಬಿಸುವಾಗ ಪಡೆದಿದ್ದ ಗಿರಾಕಿಗಳ ಇಮೇಲ್ ವಿಳಾಸಗಳು ಹೇಗೂ ಇದ್ದವು. ಯಜಮಾನರದ್ದೂ ಅದರಲ್ಲೇ ಇತ್ತು. ಎಲ್ಲರಿಗೂ ಒಂದೇ ಏಟಿಗೆ ಪತ್ರ ಕಳಿಸಿಕೊಡುವ ಕಂಪನಿಗಳಿವೆ ಎಂದು ಸಾಹುಕಾರರು ಎಲ್ಲೋ ಓದಿದ್ದರು.

"ರೀ, ಕಂಪನಿ ಯಾವುದಾದ್ರೂ ಇರಲಿ, ಅದರಲ್ಲಿ..." ಎಂದು ಹೆಂಡತಿ ಬಾಯಿ ತೆರೆದರು.

"ಯಾವುದಾದ್ರೂ ಇರಲಿ ಅಂದ್ರೆ ಹೇಗೆ? ಅಳೆದೂ ಸುರಿದೂ ಆರಿಸಬೇಕು!"

ಹಾಸಿಗೆ ಆರಿಸುವ ಕ್ರಮ ಅವರಿಗೆ ಗೊತ್ತಿತ್ತು. ಮಲಗು, ಹೊರಳು, ಎದ್ದು ಸೊಂಟ ಮುಟ್ಟಿ ನೋಡಿಕೋ. ಇಮೇಲ್ ಕಂಪನಿಯ ಮೇಲೆ ಮಲಗುವುದು ಹೇಗೆ? ಹೀಗಾಗಿ ಎಲ್ಲ ಕಂಪನಿಗಳಿಗೂ ಫೋನು ಹಚ್ಚಿದರು. ಮೊದಲನೆಯದು "ಕನ್ನಡಕ್ಕೆ ಒಂದನ್ನು ಒತ್ತಿ" ಎಂದಿತು; ಒಂದನ್ನು ಒತ್ತಿದರೆ ಸಂಗೀತ ಹಾಕಿ ಮರೆತುಬಿಟ್ಟಿತು. ಎರಡನೆಯ ಕಂಪನಿಯವನು "ಸರ್, ನಿಮ್ಮ ಕ್ಯಾಂಪೇನ್ ಉದ್ದೇಶ ಏನು?" ಎಂದ. "ನಾನು ಚುನಾವಣೆಗೆ ನಿಂತಿಲ್ಲಪ್ಪ!" ಎಂದು ಸಾಹುಕಾರರು ಫೋನು ಕುಕ್ಕಿದರು. ಇನ್ನೊಂದು ಕಂಪನಿ ನಮ್ಮ ಪತ್ರ ಸ್ಪ್ಯಾಮ್ ಎಂಬ ಕಸದ ಬುಟ್ಟಿಗೆ ಬೀಳುವುದಿಲ್ಲ ಎಂದು ಜಂಬ ಕೊಚ್ಚಿತು. ಅದು ಕಳಿಸಿದ ಮಾದರಿ ಪತ್ರವನ್ನು ಸಾಹುಕಾರರು ಕಸದಲ್ಲೇ ಹುಡುಕಿ ತೆಗೆಯಬೇಕಾಯಿತು.

ಕಡೆಗೆ ಸಿಕ್ಕಿದ ಕಂಪನಿಯಲ್ಲಿ ಫೋನು ಎತ್ತಿದವಳು ಒಬ್ಬ ಹುಡುಗಿ. ಸಾಹುಕಾರರು ತಮ್ಮ ಅಂಗಡಿಯ ಚರಿತ್ರೆಯನ್ನು ಹತ್ತಿಯ ಕಾಲದಿಂದ ಸ್ಪ್ರಿಂಗಿನ ಕಾಲದವರೆಗೆ ಹೇಳಿದರು. ಹುಡುಗಿ ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ. "ಹೂಂ ಸರ್, ಹೌದು ಸರ್" ಎನ್ನುತ್ತಲೇ ಇದ್ದಳು.

"ಇದೇ ಕಂಪನಿ!" ಎಂದು ಸಾಹುಕಾರರು ಹೆಂಡತಿಗೆ ಕಣ್ಣಲ್ಲೇ ಹೇಳಿದರು.

"ಒಂದು ಮಾತು ಸರ್," ಎಂದಳು ಹುಡುಗಿ ಕೊನೆಯಲ್ಲಿ, "ವಿಷಯದ ಸಾಲು ಫೋನಲ್ಲಿ ಪೂರ್ತಿ..."

"ಪೂರ್ತಿ ನನಗೆ ಬಿಡಮ್ಮಾ!"

ವಿಷಯದ ಸಾಲೆಂದರೆ ಪತ್ರ ತೆರೆಯುವ ಮೊದಲು ತಲೆಯ ಮೇಲೆ ಕಾಣುವ ಸಾಲು. ಅದಕ್ಕಾಗಿ ಸಾಹುಕಾರರು ಒಂದು ಮಧ್ಯಾಹ್ನವಿಡೀ ತಿಣುಕಿದರು. ಹುಟ್ಟಿದ ಸಾಲು ಹೀಗಿತ್ತು: 'ನಮ್ಮ ಅಂಗಡಿ ಮುಚ್ಚುತ್ತಿದೆ ಎಂಬ ಮಾತು ಶುದ್ಧ ಸುಳ್ಳು!'

ಹೆಂಡತಿ ಇಣುಕಿ ನೋಡಿದರು. "ರೀ, ಸುಳ್ಳು ಅನ್ನೋದನ್ನ ಮೊದಲು..."

"ಬೆಳಗಾಗೆದ್ದು ಗಿರಾಕಿಗೆ ಸುಳ್ಳು ಅಂತ ಶುರು ಮಾಡೋದಾ? ವ್ಯಾಪಾರ ಉದ್ಧಾರ ಆದ ಹಾಗೇ!" ಎಂದವರೇ ಗುಂಡಿ ಒತ್ತಿದರು.

ಮರುದಿನ ಷಟರು ಎತ್ತುವ ಮೊದಲೇ ಹೊರಗೆ ಜನ! ಸಾಹುಕಾರರ ಎದೆ ಹೊಸ ಸ್ಪ್ರಿಂಗಿನ ಹಾಗೆ ಉಬ್ಬಿತು. "ನೋಡಿದ್ಯಾ? ಇದಪ್ಪಾ ಕಂಪನಿ ಅಂದ್ರೆ!"

ಮೊದಲು ಒಳಗೆ ನುಗ್ಗಿದಾತ ಹಾಸಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ತಲೆ ಎತ್ತಿ, "ಈ ಫ್ಯಾನು ಎಷ್ಟಕ್ಕೆ ಕೊಡ್ತೀರಿ?" ಎಂದ. ಅವನ ಹಿಂದಿದ್ದ ಹೆಂಗಸು, "ಹೇಗೂ ಮುಚ್ತಾ ಇದ್ದೀರಿ, ಡಬಲ್ ಹಾಸಿಗೆ ಅರ್ಧಕ್ಕೆ ಕೊಟ್ಟುಬಿಡಿ" ಎಂದರು. ಖಾಯಂ ಗಿರಾಕಿ, ಬೆನ್ನುನೋವಿನ ಮೇಷ್ಟ್ರು, ಸಾಹುಕಾರರ ಎರಡೂ ಕೈ ಹಿಡಿದುಕೊಂಡರು. "ಹೀಗಾಗಬಾರದಿತ್ತು. ಅಲ್ಲಾ, ನನ್ನ ಹಾಸಿಗೆ ಗ್ಯಾರಂಟಿ ಇನ್ನೂ ಇದೆ. ಇನ್ಮೇಲೆ ನಾನು ಯಾರ ಹತ್ರ ಹೋಗಲಿ?"

"ಮುಚ್ಚುತ್ತೀವಿ ಅಂತ ಯಾರು ಹೇಳಿದ್ದು?"

"ನೀವೇ!"

ಮೇಷ್ಟ್ರು ಫೋನು ಹಿಡಿದು ತೋರಿಸಿದರು. ಅದರ ಪರದೆಯ ಮೇಲೆ ಮೂರೇ ಪದ ಮತ್ತು ಮೂರು ಚುಕ್ಕಿ: 'ನಮ್ಮ ಅಂಗಡಿ ಮುಚ್ಚುತ್ತಿದೆ…' ಮಿಕ್ಕ ಸಾಲಿಗೆ ಅಲ್ಲಿ ಜಾಗವಿರಲಿಲ್ಲ. ಪತ್ರವನ್ನು ತೆರೆದು ಓದುವ ಗೋಜಿಗೆ ಒಬ್ಬರೂ ಹೋಗಿರಲಿಲ್ಲ. ಸಾವಿನ ಸುದ್ದಿಗೆ ವಿವರ ಯಾಕೆ? ಸಾಹುಕಾರರು ದುಡ್ಡು ಕೊಟ್ಟು, ಕಂಪನಿ ಹುಡುಕಿ, ಗಾಳಿಸುದ್ದಿಯನ್ನು ಮನೆಮನೆಗೂ ತಾವೇ ತಲುಪಿಸಿದ್ದರು!

ತಕ್ಷಣ ಕಂಪನಿಯ ಹುಡುಗಿಗೆ ಫೋನು ಮಾಡಿದರು. "ಅವತ್ತೇ ಹೇಳೋಕೆ ಬಂದೆ ಸರ್. ಮುಖ್ಯವಾದದ್ದನ್ನ ಮೊದಲು ಹಾಕಬೇಕು" ಎಂದಳು ಆಕೆ.

ಈಗ ಮುಖ್ಯವಾದದ್ದು ಯಾವುದು? ಗಿರಾಕಿಗಳ ಮನಸ್ಸು ನೋಯಿಸಿದ್ದಕ್ಕೆ ಕ್ಷಮೆ! ಹೆಂಡತಿ "ರೀ, ತಡೀರಿ..." ಎನ್ನುವಷ್ಟರಲ್ಲಿ ಎರಡನೆಯ ಪತ್ರ ಹಾರಿಹೋಗಿತ್ತು: 'ಕ್ಷಮಿಸಿ, ಅಂಗಡಿ ಮುಚ್ಚುವ ಯೋಚನೆಯೇ ನಮಗಿಲ್ಲ.' ಅಂಗಡಿಯಲ್ಲಿದ್ದವರ ಫೋನುಗಳೆಲ್ಲ ಒಟ್ಟಿಗೆ ಕಿಣಿಕಿಣಿ ಎಂದವು. ಎಲ್ಲರೂ ಬಗ್ಗಿ ನೋಡಿದರು. 'ಕ್ಷಮಿಸಿ, ಅಂಗಡಿ ಮುಚ್ಚುವ…'

"ಪಾಪ, ಎಷ್ಟು ನೊಂದಿದ್ದಾರೆ ನೋಡಿ" ಎಂದು ಹೆಂಗಸು ಮೇಷ್ಟ್ರಿಗೆ ಹೇಳಿದರು. ಫ್ಯಾನಿನವನು ಸ್ಟೂಲು ಹುಡುಕತೊಡಗಿದ.

ಆಗಲೇ ಕಟ್ಟಡದ ಯಜಮಾನರು ಒಳಗೆ ಬಂದರು. ಜೊತೆಗೆ ಔಷಧಿ ಅಂಗಡಿಯವರು, ಅವರ ಕೈಯಲ್ಲಿ ಅಳತೆಯ ಟೇಪು. "ಎರಡೆರಡು ಸಲ ತಿಳಿಸಬೇಕಾಗಿರಲಿಲ್ಲ, ಒಂದು ಸಲ ಸಾಕಿತ್ತು" ಎಂದರು ಯಜಮಾನರು. ಔಷಧಿಯವರು ಗೋಡೆ ಅಳೆಯತೊಡಗಿದರು. ಸಾಹುಕಾರರು ಬಾಯಿ ತೆರೆದರು. ಬದುಕಿನಲ್ಲಿ ಮೊದಲ ಸಲ ಅದರಿಂದ ಮಾತು ಹೊರಡಲಿಲ್ಲ. ಒಂದು ಹಾಸಿಗೆಯ ಅಂಚಿನ ಮೇಲೆ ಕುಸಿದು ಕೂತರು. ಅಂಗಡಿ ನಿಜಕ್ಕೂ ಕೈಬಿಟ್ಟು ಹೋಗುತ್ತಿದೆ ಎಂದು ಅವರಿಗೆ ಆಗ ಭಯವಾಯಿತು.

ಹೆಂಡತಿ ದಿಂಬು ಕೆಳಗಿಟ್ಟರು. ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕಂಪ್ಯೂಟರಿನ ಮುಂದೆ ಕೂತು, ಏನೋ ಕುಟ್ಟಿ, ಗುಂಡಿ ಒತ್ತಿದರು. ಮತ್ತೆ ಎಲ್ಲರ ಜೇಬೂ ಕಿಣಿಕಿಣಿ ಎಂದಿತು.

ಯಜಮಾನರು ಫೋನನ್ನು ಕಣ್ಣಿನ ಹತ್ತಿರ ಹಿಡಿದರು. ಈ ಸಲ ವಿಷಯದ ಸಾಲಿನಲ್ಲಿದ್ದದ್ದು ಒಂದೇ ಪದ.

'ಇದ್ದೇವೆ.'

"ಇದ್ದೀರಾ?" ಎಂದರು ಯಜಮಾನರು.

"ಇದ್ದೀವಿ" ಎಂದರು ಹೆಂಡತಿ. "ಕರಾರು ತನ್ನಿ, ಈಗಲೇ ರುಜು ಹಾಕ್ತೀವಿ."

ಯಜಮಾನರು ಔಷಧಿಯವರ ಮುಖ ನೋಡಿದರು. ಟೇಪು ಸುರ್ರೆಂದು ಒಳಗೆ ಸರಿಯಿತು. "ಸದ್ಯ!" ಎಂದು ಮೇಷ್ಟ್ರು ಅಲ್ಲೇ ಒಂದು ಹಾಸಿಗೆಯ ಮೇಲೆ ಉದ್ದಕ್ಕೆ ಚಾಚಿಕೊಂಡರು. ಫ್ಯಾನಿನವನು ಸ್ಟೂಲಿನಿಂದ ಇಳಿದ. ಬಂದ ತಪ್ಪಿಗೆ ಎರಡು ದಿಂಬು ಕೊಂಡುಕೊಂಡ, ಅದೂ ಪೂರ್ತಿ ಬೆಲೆಗೆ.

ಎಲ್ಲರೂ ಹೋದ ಮೇಲೆ ಸಾಹುಕಾರರು ಹೆಂಡತಿಯ ಪಕ್ಕಕ್ಕೆ ಬಂದು ಕೂತರು. ಆಮೇಲೆ ಮೆಲ್ಲಗೆ ಕೇಳಿದರು. "ಅಷ್ಟು ಕಂಪನಿಗಳವರಿಗೂ ಹೊಳೆಯದ್ದು ನಿನಗೆ ಹೇಗೆ ಹೊಳೀತೇ? ಇಡೀ ವಿಷಯವನ್ನ ಒಂದೇ ಪದದಲ್ಲಿ ಹೇಳಿಬಿಡೋದು?"

ಹೆಂಡತಿ ಇನ್ನೊಂದು ದಿಂಬಿಗೆ ಗವಸು ತೊಡಿಸುತ್ತಾ ಹೇಳಿದರು. "ಮದುವೆ ಆದಾಗಿನಿಂದ ಅದೇ ಅಭ್ಯಾಸ ರೀ. ಎರಡನೇ ಪದದವರೆಗೆ ನೀವು ಯಾವತ್ತು ನನ್ನ ಮಾತು ಕೇಳಿದ್ದೀರಿ?"