ಮೋತಿಯ ಪರವಾಗಿ ನನ್ನ ವಾದ

ವಡೋದರಾದ ನಮ್ಮ ಮಂಜಲ್‌ಪುರದ ಹೌಸಿಂಗ್ ಸೊಸೈಟಿಯಲ್ಲಿ ಓಡಾಡುವ ಕತೆ ಇಷ್ಟು: ಬೆಕ್ಕು ಪರಚಿತು, ಹುಡುಗಿಗೆ ಗಂಟು ಬಂತು, ತಾಯಿ ಅತ್ತಳು. ಕ್ಷಮಿಸಿ, ಈ ಕತೆ ನಿಲ್ಲುವುದಿಲ್ಲ. ಅಮ್ಮನನ್ನು ಅಳಿಸಿದ್ದು ಬೆಕ್ಕಲ್ಲ, ಕಾಲೇಜಿನ ಚರ್ಚಾಪಟು. ಅಂದರೆ ನಾನು!

ಮೋತಿ ಎಂಬ ಮರಿಯನ್ನು ನಮ್ಮ ಉಡುಪಿ ಹೋಟೆಲಿನ ಹಿತ್ತಲಿನಿಂದ ಎತ್ತಿ ತಂದ ದಿನವೇ ಅಮ್ಮ ಷರತ್ತು ಹಾಕಿದ್ದಳು. "ಇದರಿಂದ ಯಾರಿಗಾದರೂ ಕಾಯಿಲೆ ಬಂತೋ, ಅದೇ ದಿನ ಹೊರಗೆ. ಆಯ್ತಾ?"

ನಾನು ಓದಿಕೊಂಡೇ ಎದ್ದು ನಿಂತೆ. ಬೆಕ್ಕು ಪರಚಿ ಬರುವ ಜ್ವರಕ್ಕೆ ಕಾರಣ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಆದರೆ ಮಾನ್ಯರೇ, ಅದರಲ್ಲೂ ತಳಿಗಳುಂಟು! ಬೆಕ್ಕಿನಲ್ಲಿ ಇರುವ ಎಲ್ಲ ತಳಿಯೂ ಮನುಷ್ಯರನ್ನು ಒಂದೇ ರೀತಿ ಕಾಡುವುದಿಲ್ಲ.

"ಅಪ್ಪ, ಹೋಟೆಲಿನಲ್ಲಿ ಗುಜರಾತಿ ಗಿರಾಕಿಗೆ ಬೆಲ್ಲದ ಸಾಂಬಾರ್, ನಮಗೆ ಖಾರದ್ದು. ಹೆಸರು ಒಂದೇ, ಹೊಟ್ಟೆಗೆ ಮಾಡುವುದು ಬೇರೆ. ಮೋತಿಯದ್ದು ಖಾರದ ತಳಿ ಅಂತ ಯಾರು ಹೇಳಿದ್ದು?"

"ಬೆಲ್ಲದ್ದು ಅಂತ ಯಾರು ಹೇಳಿದ್ದು?" ಅಮ್ಮ ಕೇಳಿದಳು.

"ಸಾಬೀತಿನ ಹೊಣೆ ಆರೋಪ ಮಾಡುವವರದ್ದು!"

"ಬಿಡು ಮಾರಾಯ್ತಿ, ಇವಳ ಹತ್ತಿರ ಮಾತಾಡಿ ಪೂರೈಸುವುದಿಲ್ಲ," ಎಂದು ಅಪ್ಪ ಅಮ್ಮನನ್ನು ಸುಮ್ಮನಾಗಿಸಿದರು. ನಾನು ಇದನ್ನು ಗೆಲುವು ಎಂದುಕೊಂಡೆ.

ಒಂದು ದಿನ ಮೋತಿ ನನ್ನ ಮುಂಗೈ ಪರಚಿತು; ಯಾರಿಗೂ ಹೇಳಲಿಲ್ಲ. ಸ್ವಲ್ಪ ದಿನಕ್ಕೆ ಕಂಕುಳಲ್ಲಿ ನೆಲ್ಲಿಕಾಯಿಯಷ್ಟು ಗಂಟು, ಸಂಜೆಯಾದರೆ ಜ್ವರ.

"ಕೈಗೇನಾಯಿತು?" ಡಾಕ್ಟರು ಹಿಂದಿಯಲ್ಲಿ ಕೇಳಿದರು.

"ಕಾಲೇಜಿನ ಗುಲಾಬಿ ಮುಳ್ಳು."

ಮಾತ್ರೆ ನುಂಗಿದರೂ ಗಂಟು ಇಳಿಯಲಿಲ್ಲ. ಡಾಕ್ಟರು ಒತ್ತಿ ನೋಡಿ, "ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸೋಣ. ಎಲ್ಲ ಸಾಧ್ಯತೆಯನ್ನೂ ನೋಡಬೇಕು" ಎಂದರು. ಆ 'ಎಲ್ಲ'ದಲ್ಲಿ ಅಮ್ಮನಿಗೆ ಕೇಳಿಸಿದ್ದು ಒಂದೇ: ಕ್ಯಾನ್ಸರ್. ಮನೆಗೆ ಬಂದವಳೇ ಊರ ದೇವಿಗೆ ಮುಡಿಪು ಕಟ್ಟಿದಳು. ಅಪ್ಪ ಭಾನುವಾರ ಹೋಟೆಲು ಮುಚ್ಚಿದರು. ಭಾನುವಾರ! ಇಡೀ ವಡೋದರಾ ದೋಸೆಗೆ ಸಾಲು ನಿಲ್ಲುವ ದಿನ!

ಹೇಳಿಬಿಡಬೇಕು ಎಂದು ಪ್ರತಿ ಊಟಕ್ಕೂ ಬಾಯಿ ತೆರೆದೆ. ಅನ್ನ ಹಾಕಿಕೊಂಡು ಮುಚ್ಚಿದೆ. ಹೇಳಿದರೆ ಮೋತಿ ಹೊರಗೆ. ಅದಕ್ಕಿಂತ ಹೆಚ್ಚಾಗಿ, ನಾನು ಸೋತ ಹಾಗೆ!

ಸೂಜಿಯ ದಿನ ಪಕ್ಕದ ಮನೆಯ ಹಂಸಾಬೆನ್ ನನ್ನನ್ನೂ ಅಮ್ಮನನ್ನೂ ಕಾರಿನಲ್ಲಿ ಕರೆದೊಯ್ದರು. ಡಾಕ್ಟರು ಈ ಸಲ ಬೇರೆಯದನ್ನು ಕೇಳಿದರು: "ಮನೆಯಲ್ಲಿ ಪ್ರಾಣಿಗಳೇನಾದರೂ?"

ಅಮ್ಮ ಬಾಯಿ ತೆರೆಯುವ ಮೊದಲೇ "ಇಲ್ಲ," ಎಂದೆ.

"ಅರೇ, ಮೋತಿ ಛೇ ನೇ! ಬಿಲಾಡಿ!" ಬೆಕ್ಕು ಇದೆಯಲ್ಲ ಎಂದು ಹಂಸಾಬೆನ್ ಗುಜರಾತಿಯಲ್ಲಿ ಉತ್ಸಾಹದಿಂದ ಕೂಗಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದರೆ ಬೆಕ್ಕು ಪರಚಿದ ಜ್ವರವೇ ಇರಬಹುದು."

ಅಲ್ಲಾದರೂ ಸುಮ್ಮನಿರಬೇಕಿತ್ತು. "ಇರಬಹುದು, ಅಷ್ಟೇ ಸರ್! ಬಾರ್ಟೊನೆಲ್ಲಾದ ಯಾವ ತಳಿ ಅಂತ ತಿಳಿಯದೆ..." ಎಂದು ಶುರುಮಾಡಿ, ತಳಿಭೇದದ ಮೇಲೆ ಪೂರ್ತಿ ಭಾಷಣ ಬಿಗಿದೆ. ಗಂಟೆ ಬಾರಿಸಿ ಇಳಿಸಲು ಅಲ್ಲಿ ಯಾರೂ ಇರಲಿಲ್ಲ.

ಡಾಕ್ಟರು ಕೊನೆತನಕ ಕೇಳಿ, "ಇಷ್ಟೆಲ್ಲ ಗೊತ್ತಿತ್ತು. ಪರಚಿದ್ದು ಮಾತ್ರ ಹೇಳಲಿಲ್ಲ," ಎಂದರು.

ನನ್ನ ಜೀವಮಾನದ ಅತ್ಯುತ್ತಮ ಭಾಷಣ. ನನ್ನ ವಿರುದ್ಧದ ಏಕೈಕ ಸಾಕ್ಷಿ! ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತದ್ದು ಆಗ.

ಸೂಜಿ ಹಾಕಿಸುವುದು ತಪ್ಪಿತು. ರಕ್ತಪರೀಕ್ಷೆ ಡಾಕ್ಟರ ಮಾತನ್ನೇ ಹೇಳಿತು. ತಳಿ ಯಾವುದೆಂದು ಯಾರೂ ನೋಡಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ಗಂಟು ಮೆಲ್ಲಗೆ ಕರಗುತ್ತಿದೆ.

ಅಮ್ಮ ಮೋತಿಯನ್ನು ಓಡಿಸಲಿಲ್ಲ. ನನಗೂ ಬೈಯಲಿಲ್ಲ. ಬೈದಿದ್ದರೆ ಎದುರುತ್ತರ ಸಿದ್ಧವಿತ್ತು! ದಿನಾ ಬೆಳಿಗ್ಗೆ "ಕೈ ಎತ್ತು" ಎನ್ನುತ್ತಾಳೆ, ಕಂಕುಳು ಮುಟ್ಟಿ ನೋಡುತ್ತಾಳೆ, ಒಳಗೆ ಹೋಗುತ್ತಾಳೆ. ಇವತ್ತೂ ಹಾಗೆಯೇ ಹೊರಟವಳನ್ನು ತಡೆದು, ಪಕ್ಷ ಪ್ರತಿಪಕ್ಷ ಎರಡನ್ನೂ ಬಿಟ್ಟು ಕೇಳಿದೆ:

"ಅಮ್ಮಾ, ನಾನು ಉಳಿಯುವುದಿಲ್ಲ ಅಂತಲೇ ನೆನೆಸಿದ್ದೆಯಾ?"