ಎದುರಿಗೆ ಮರವಿಲ್ಲದ ಗುಡಿಸಲು

ನಗೆಪಾಟಲಾಗುವಂಥ ಪ್ರಸಂಗಗಳು ಉಳಿದವರಿಗೆ ಅಪರೂಪಕ್ಕೆ ಎದುರಾಗುತ್ತವೆ. ನನಗೆ ಮಾತ್ರ ಮೇಲಿಂದ ಮೇಲೆ. ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ಪಂಕ್ತಿಯಲ್ಲಿ ಕೂತರೆ ನನ್ನ ಎಲೆಗಿಂತ ಮೊದಲು ಪಕ್ಕದ ಎಲೆಯ ಹೋಳಿಗೆ ಕಣ್ಣಿಗೆ ಬೀಳುತ್ತದೆ. ಅಂಡಮಾನಿಗೆ ಹೋಗಿ ಬಂದದ್ದೂ ಹಾಗೆಯೇ. ಜಮಖಂಡಿಯ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತಿಕೆ ಮಾಡುವ ನನಗೆ ಸಮುದ್ರದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ.

೧. ಮಾಸ್ತರರ ಪಾದ

ನಮ್ಮ ಎದುರು ಮನೆಯಲ್ಲಿ ಒಬ್ಬ ಮಾಸ್ತರರಿದ್ದಾರೆ. ದಿನಾ ಬಸ್ಸಿನಲ್ಲಿ ಬನಹಟ್ಟಿಗೆ ಹೋಗಿ ಕಲಿಸಿ ಬರುವವರು. ಅವರಿಗೂ ನನಗೂ ವಯಸ್ಸು ಒಂದೇ, ಪಗಾರವೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ನನ್ನ ಹೊಟ್ಟೆಕಿಚ್ಚಿಗೆ ಅವರು ಹೇಳಿ ಮಾಡಿಸಿದ ಮನುಷ್ಯ.

ದೀಪಾವಳಿ ರಜೆಯಲ್ಲಿ ಅವರ ವಾಟ್ಸಾಪ್ ಸ್ಟೇಟಸ್ ನೋಡಿದೆ. ಬಿಳಿ ಮರಳು, ನೀಲಿ ನೀರು, ನಡುವೆ ಮಾಸ್ತರರ ಎರಡು ಪಾದ. ಅಂಡಮಾನಿನ ಯಾವುದೋ ಸಣ್ಣ ನಡುಗಡ್ಡೆಯಂತೆ, ದಂಡೆಯ ಮೇಲೆ ಗುಡಿಸಲಲ್ಲಿ ಇದ್ದಾರಂತೆ. ಅದೇ ಪಾದಗಳನ್ನು ಮೆಟ್ಟು ಹರಿದ ಸ್ಥಿತಿಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಸಲ ಕಂಡಿಲ್ಲ ನಾನು!

ಫೋಟೋ ದೊಡ್ಡದು ಮಾಡಿ ಮೂಲೆ ಮೂಲೆ ಶೋಧಿಸಿದೆ. ಕೊನೆಗೊಂದು ಕೊರತೆ ಸಿಕ್ಕಿತು. ಗುಡಿಸಲಿಗೂ ಸಮುದ್ರಕ್ಕೂ ನಡುವೆ ಎರಡು ಮರ ಅಡ್ಡ ಇದ್ದವು.

"ನೋಡ, ಪೂರಾ ಸಮುದ್ರ ಕಾಣಂಗಿಲ್ಲ ಅವರಿಗೆ," ಎಂದು ಹೆಂಡತಿಗೆ ಹಿಗ್ಗಿನಿಂದ ತೋರಿಸಿದೆ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ನಿಮಗ ಇಲ್ಲಿಂದ ಎಷ್ಟ ಕಾಣಾಕತ್ತೈತಿ?"

೨. ಆಕೆಯ ಒಂದೇ ಪ್ರಶ್ನೆ

ನಮ್ಮ ಮನೆ ಕೋರ್ಟಿಗೆ ಹತ್ತಿರ. ಬಂಧು ಬಳಗದ ಯಾರಿಗೇ ತಾರೀಖು ಇರಲಿ, ಯಾರ ಮಗನಿಗೇ ಕಾಲೇಜಿಗೆ ಹೆಸರು ಹಚ್ಚುವ ಪಾಳಿ ಇರಲಿ, ಚಿಮ್ಮಡದಿಂದ ಬಾಡಗಂಡಿಯವರೆಗಿನ ಎಲ್ಲರೂ ಇಳಿಯುವುದು ನಮ್ಮಲ್ಲೇ. ನಮ್ಮವರ ಮನೆ ಇರುವ ಊರಲ್ಲಿ ಲಾಡ್ಜಿನಲ್ಲಿ ಇಳಿದರೆ ಅದು ಮನೆಯವರಿಗೆ ಅವಮಾನ. ಹೆಂಡತಿ ಬಾಗಿಲು ತೆಗೆದು, ನೀರಿನ ತಂಬಿಗೆ ಕೈಗಿತ್ತು, ಎಲ್ಲರಿಗೂ ಒಂದೇ ಮಾತು ಕೇಳುತ್ತಾಳೆ: "ಸಂಜೀ ಬಸ್ಸಿಗೆ ಹೋಗ್ತೀರೋ, ವಸ್ತಿ ಇರ್ತೀರೋ?" ಅವರು ಹೇಳಿದ್ದರ ಮೇಲೆ ಆಕೆಯ ರೊಟ್ಟಿಯ ಲೆಕ್ಕ. ಇಪ್ಪತ್ತೆರಡು ವರ್ಷಗಳಿಂದ ಸಂಜೀ ಬಸ್ಸಿಗೆ ಹೋದವರು ಕಡಿಮೆ, ವಸ್ತಿ ಎಂದು ರಾತ್ರಿ ಉಳಿದವರೇ ಹೆಚ್ಚು.

ನಾವೂ ಅಂಡಮಾನಿಗೆ ಹೋಗೋಣ ಎಂದಾಗ ಆಕೆ ಮೊದಲು ನಂಬಲಿಲ್ಲ. ನಂಬಿದ ಮೇಲೆ, "ನಾಕ ದಿನ ಯಾರೂ ಬಾಗಲಾ ಬಡೀಬಾರ್ದು. ಅಷ್ಟಾದ್ರ ಸಾಕ್ರಿ ನನಗ," ಅಂದಳು.

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಆಗಲೇ ಎರಡು ಮರ ನಿಂತಿದ್ದವು. ಮಾಸ್ತರರು ಇದ್ದ ಜಾಗದ ನಂಬರೇ ಹುಡುಕಿ ಫೋನ್ ಮಾಡಿ, ಮ್ಯಾನೇಜರನಿಗೆ ನನಗೆ ಬರುವಷ್ಟು ಹಿಂದಿಯಲ್ಲಿ ಕೇಳಿದೆ, "ನಿಮ್ಮಲ್ಲಿ ಎದುರಿಗೆ ಮರವಿಲ್ಲದ ಗುಡಿಸಲು ಇದೆಯೇ?"

ಜನ ಎಸಿ ಇದೆಯೇ, ಬಿಸಿನೀರು ಇದೆಯೇ ಎಂದು ಕೇಳುತ್ತಾರಂತೆ. ಪಾಪ, ಆತ ಹೊರಗೆ ಹೋಗಿ ನೋಡಿ ಬಂದು, "ಒಂದನೇ ನಂಬರಿನ ಮುಂದೆ ಏನೂ ಇಲ್ಲ, ಎರಡನೆಯದರ ಮುಂದೆ ಎರಡು ಮರ," ಎಂದ. ಅಂದರೆ ಮಾಸ್ತರರು ಇದ್ದದ್ದು ಎರಡನೆಯದರಲ್ಲಿ! ನನಗಾದ ಆನಂದ ಹೇಳತೀರದು.

ಹೆಂಡತಿ ನನ್ನ ತೋಳು ತಿವಿದು, "ಅಡಗಿಮನಿ ಐತೇನ ಕೇಳ್ರಿ," ಎಂದಳು.

ಕೇಳಿದೆ. "ಇಲ್ಲಂತ," ಎಂದು ಅಳುಕುತ್ತಲೇ ತಿಳಿಸಿದೆ.

"ಹಂಗಾರ ಅದನ್ನ ಹಿಡೀರಿ," ಅಂದಳು.

೩. ಕಾಕಾ ಕೊಟ್ಟ ಚೀಟಿ

ಸುದ್ದಿ ಚಿಮ್ಮಡಕ್ಕೆ ಮುಟ್ಟಿತು. ಮರುದಿನವೇ ನಮ್ಮ ಕಾಕಾ, ಅಪ್ಪನ ತಮ್ಮ, ಬಂದರು. ಕುರಿ ಸಾಕಿಕೊಂಡಿರುವವರು, ಬೀರೇಶ್ವರನ ಭಕ್ತರು, ಕಂಬಳಿ ಹೆಗಲಿಂದ ಇಳಿಸುವ ಮೊದಲೇ ವಿಚಾರಣೆ ಶುರು.

"ಅಲ್ಲೆ ಎದರಾಗ ಇರ್ತೀಲೇ ತಮ್ಮಾ?"

"ಗುಡಸಲದಾಗ, ಕಾಕಾ."

"ನಾ ಹುಟ್ಟಿದಾಗಿಂದ ಕುರಿ ಹಿಂದ ಗುಡಸಲದಾಗ ಮಕ್ಕೊಂಡೇನಿ. ಒಬ್ಬರರೆ ಬಂದು ಫೋಟೋ ತಗದಿಲ್ಲಲೇ ನಂದು!"

ಆಮೇಲೆ ಮುಖ್ಯ ಪ್ರಶ್ನೆ ಬಂತು. "ಅಲ್ಲೆ ನಮ್ಮವ್ರು ಯಾರದಾರ?"

ಯಾರೂ ಇಲ್ಲ ಎಂದೆ. ಕಾಕಾ ಹೌಹಾರಿದರು. ನಮ್ಮವರಿಲ್ಲದ ಊರು ಅವರ ಲೆಕ್ಕದಲ್ಲಿ ಊರೇ ಅಲ್ಲ. ಅಂಗಳದಲ್ಲಿ ಕೂತು ಐದಾರು ಕಡೆ ಫೋನ್ ಮಾಡಿದರು. ಬಾಡಗಂಡಿಯ ಸಕ್ಕರೆ ಕಾರ್ಖಾನೆಯಲ್ಲಿರುವ ದೂರದ ಬೀಗರೊಬ್ಬರ ಅಳಿಯ ಅಂಡಮಾನಿನಲ್ಲೇ ನೌಕರಿಯಲ್ಲಿದ್ದಾನೆ ಎಂದು ಹುಡುಕಿಯೇಬಿಟ್ಟರು. ನಂಬರನ್ನು ಚೀಟಿಯಲ್ಲಿ ಬರೆಸಿ ಹೆಂಡತಿಯ ಕೈಗೆ ಕೊಟ್ಟರು.

"ಹೋದಕೂಡ್ಲೆ ಫೋನ್ ಹಚ್ಚವ್ವಾ. ಅವ್ರ ಮನ್ಯಾಗ ಇಳೀರಿ. ಇಲ್ಲಾಂದ್ರ ಬ್ಯಾಸರ ಮಾಡ್ಕೋತಾರ. ನಾಕೂ ದಿನ ಅವ್ರ ನಿಮ್ಮ ಸಂಗಾಟ ಇರ್ತಾರ."

ಹೆಂಡತಿಯ ಮುಖ ಸಪ್ಪಗಾಯಿತು. ನನಗೂ ಕೆಡುಕೆನಿಸಿತು ಎಂದು ಬರೆಯುವ ಆಸೆ ಇದೆ. ನಿಜ ಹೇಳಬೇಕೆಂದರೆ, ಅಳಿಯನ ಮನೆಯಿಂದ ಎಂಥ ಫೋಟೋ ಬಂದೀತು ಎನ್ನುವುದೇ ನನ್ನ ಚಿಂತೆಯಾಗಿತ್ತು.

ಹೊರಡುವ ದಿನ ಬೆಳಿಗ್ಗೆ ಕಾಕಾ ಫೋನ್ ಮಾಡಿ ಚೀಟಿ ಜೋಪಾನವೇ ಎಂದು ಕೇಳಿದರು. ನಾನು ಹೆಂಡತಿಯನ್ನು ಕೇಳಿದೆ.

"ಬಚ್ಚಲ ಒಲಿ ಹಚ್ಚಾಕ ಕಾಗದ ಬೇಕಾಗಿತ್ರಿ," ಅಂದಳು. "ನೀರ ಛಲೋ ಕಾದಾವು, ಜಳಕಾ ಮಾಡ್ಹೋಗ್ರಿ."

೪. ಜೋಕಾಲಿ

ಬಸ್ಸು, ವಿಮಾನ, ಹಡಗು ಎಲ್ಲ ದಾಟಿ ಒಂದು ಮಧ್ಯಾಹ್ನ ಒಂದನೇ ನಂಬರಿನ ಗುಡಿಸಲು ಸೇರಿದೆವು. ಎದುರಿಗೆ ಒಂದು ಗಿಡವೂ ಇಲ್ಲ. ಸಮುದ್ರ ಪೂರ್ತಿ ನಮ್ಮದೇ. ಹೆಂಡತಿ ಬಾಗಿಲಲ್ಲೇ ಮೆಟ್ಟು ಬಿಟ್ಟು ಬರಿಗಾಲಲ್ಲಿ ಮರಳಿಗಿಳಿದಳು. ನಾನು ಮೊದಲು ನನ್ನ ಪಾದಗಳ ಫೋಟೋ ತೆಗೆದು ಸ್ಟೇಟಸ್ ಹಾಕಿದೆ.

ಹತ್ತೇ ನಿಮಿಷಕ್ಕೆ ಮಾಸ್ತರರ ಉತ್ತರ ಬಂತು. "ಭಾಳ ಛಲೋರಿ. ನಮಗೂ ಮೊದಲ ಅದನ್ನ ತೋರಿಸಿದ್ರು. ಆದ್ರ ಎರಡನೇದಕ್ಕ ಜೋಕಾಲಿ ಐತಿ ಅಂತ ನಾವು ಅದನ್ನ ಹಿಡದ್ವಿ."

ಕತ್ತು ಹೊರಳಿಸಿ ನೋಡಿದೆ. ನಾನು ತಿಂಗಳುಗಟ್ಟಲೆ ಹೀಯಾಳಿಸಿದ ಆ ಎರಡು ಮರಗಳ ನಡುವೆಯೇ ಬಲೆಯ ಜೋಕಾಲಿ ತೂಗುತ್ತಿತ್ತು; ಫೋಟೋದಲ್ಲಿ ಅದು ಮಾಸ್ತರರ ಪಾದಗಳ ಮರೆಗೆ ಬಿದ್ದಿತ್ತು. ಮ್ಯಾನೇಜರನ ಬಳಿ ಓಡಿದೆ. ಎರಡನೆಯದು ಖಾಲಿ ಇದೆ, ಬೇಕಾದರೆ ಹೋಗಿ ಎಂದ. ಎರಡೂ ನಿಮ್ಮವೇ ಅಂದುಕೊಳ್ಳಿ, ಈ ವಾರ ಬೇರೆ ಯಾರೂ ಬರುವುದಿಲ್ಲ ಎಂದೂ ಸೇರಿಸಿದ.

"ಏಳ, ಬಾಜೂಕ ಹೋಗೂಣು," ಎಂದೆ.

ಹೆಂಡತಿ ಮರಳಲ್ಲಿ ಕೂತಿದ್ದಳು. "ನಾ ಏಳಂಗಿಲ್ರಿ. ಇಷ್ಟ ವರ್ಷದಾಗ ಕುಂತ ಜಾಗಾದಾಗ ಕುಂತಿರಾಕ ಒಂದ ಸಲ ಸಿಕ್ಕೈತಿ. ನೀವು ಹೋಗ್ರಿ."

ಹೋದೆ! ನನ್ನ ಚೀಲ ಹೊತ್ತುಕೊಂಡು, ನಾಚಿಕೆಯಿಲ್ಲದೆ ಹೋದೆ. ಜೋಕಾಲಿಯಲ್ಲಿ ಮಲಗಿ ಎಡಕ್ಕೊಂದು, ಬಲಕ್ಕೊಂದು ಫೋಟೋ ತೆಗೆದೆ. ಬಲೆ ಬೆನ್ನಿಗೆ ಒತ್ತತೊಡಗಿತು. ಎದ್ದು ಕೂರಲು ನೋಡಿದರೆ ಅದು ತಿರುಗಿ ನನ್ನನ್ನು ಮರಳಿಗೆ ಚೆಲ್ಲಿತು.

ಬಿದ್ದಲ್ಲಿಂದಲೇ, ಎರಡು ಮರಗಳ ಸಂದಿಯಿಂದ ಒಂದನೇ ನಂಬರು ಕಂಡಿತು. ಹೆಂಡತಿ ಕಾಲು ಚಾಚಿ ಕೂತಿದ್ದಾಳೆ. ಪಕ್ಕದಲ್ಲಿ ಜಮಖಂಡಿಯ ಖಾನಾವಳಿಯಿಂದ ಕೊಂಡು ತಂದ ಗರಿಗರಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಆಕೆ ಬೇರೆಯವರು ಬಡಿದ ರೊಟ್ಟಿ ತಿಂದದ್ದನ್ನು ನಾನು ಕಂಡೇ ಇರಲಿಲ್ಲ. ಒಂದು ತುಣುಕು ಮುರಿಯುತ್ತಾಳೆ, ಸಮುದ್ರ ನೋಡುತ್ತಾಳೆ, ತನ್ನಷ್ಟಕ್ಕೆ ನಗುತ್ತಾಳೆ. ಆಕೆಯ ಫೋನು ಮರಳಲ್ಲಿ ಬೋರಲು ಬಿದ್ದಿದೆ. ಯಾರ ಪಾದ ಎಲ್ಲಿದ್ದರೂ ಆಕೆಗೆ ಬೇಕಿಲ್ಲ.

ಮಾಸ್ತರರ ಮೇಲೆ ಪಟ್ಟ ಹೊಟ್ಟೆಕಿಚ್ಚು ಏನೂ ಅಲ್ಲ. ಅಂದು ಹೆಂಡತಿಯ ಮೇಲೆ ಪಟ್ಟದ್ದೇ ನನ್ನ ಜೀವನದಲ್ಲಿ ದೊಡ್ಡದು.

ಅರ್ಧ ತಾಸು ಬಿಗುಮಾನದಿಂದ ತಡೆದೆ. ಹಸಿವಾಯಿತು. ಆಕೆ ಎದ್ದು ಒಳಗೆ ಹೋಗಿದ್ದಳು. ಚೀಲ ಹೆಗಲಿಗೇರಿಸಿ ಮರಳು ತುಳಿಯುತ್ತ ಹೋಗಿ ಬಾಗಿಲು ಬಡಿದೆ. ಬಡಿದ ಮೇಲೆ ನೆನಪಾಯಿತು, ಆಕೆ ಬೇಡವೆಂದಿದ್ದು ಅದೊಂದನ್ನೇ.

ಬಾಗಿಲು ತೆರೆಯಿತು. ಆಕೆ ನನ್ನನ್ನು ನೋಡಿದಳು, ಚೀಲವನ್ನು ನೋಡಿದಳು. ಒಳಗೆ ಹೋಗಿ ನೀರಿನ ಬಾಟಲಿ ತಂದು ಕೈಗಿತ್ತಳು.

"ಬರ್ರಿ. ರೊಟ್ಟಿ ಎರಡ ಉಳದಾವ," ಎಂದಳು. "ಸಂಜೀ ಬಸ್ಸಿಗೆ ಹೋಗ್ತೀರೋ, ವಸ್ತಿ ಇರ್ತೀರೋ?"